ಹೆಬ್ಬೆರಳಿಗೆ ಗಾಯ, ಬಾಯಿಗೆ ಪಥ್ಯ

ಮೂವತ್ತು ವರ್ಷದಿಂದ ಸೌತೆಕಾಯಿ ಹೆಚ್ಚುತ್ತ ಬಂದ ಹೆಂಡತಿಗೆ ಸೌತೆಕಾಯಿ ಹೆಚ್ಚುವುದನ್ನು ಕಲಿಸಲು ಹೋದದ್ದು ಪರಪ್ಪನದೇ ತಪ್ಪು. ಲಕ್ಕವ್ವ ಬೆಳಗಿನ ರೊಟ್ಟಿಯ ಜೊತೆಗೆಂದು ಈಳಿಗೆಯ ಮುಂದೆ ಕೂತಿದ್ದಳು. "ಹಂಗಲ್ಲ, ಏಳು. ನಮ್ಮವ್ವ ಹೆಂಗ ಹೆಚ್ಚತಿದ್ಲು ತೋರಸ್ತೇನಿ" ಎಂದು ಅವಳನ್ನು ಎಬ್ಬಿಸಿ ತಾನು ಕೂತ. ಕೈ ಸೌತೆಕಾಯಿಯ ಮೇಲಿತ್ತು, ಬಾಯಿ ಅವ್ವನ ಮೇಲಿತ್ತು. ಅವ್ವ, ಅವ್ವನ ತವರು, ತವರಿನ ಬಾವಿ, ಆ ಬಾವಿಯ ನೀರಿನ ರುಚಿ. ಮಾತು ಅಲ್ಲಿಗೆ ಮುಟ್ಟುವ ಹೊತ್ತಿಗೆ ಈಳಿಗೆ ಬಲಗೈ ಹೆಬ್ಬೆರಳನ್ನು ಮುಟ್ಟಿತ್ತು.

ಬೇರೆಯವರಾಗಿದ್ದರೆ ಬೆರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸುಮ್ಮನಾಗುತ್ತಿದ್ದರು. ಪರಪ್ಪನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಗಾಲಿನ ಕಿರುಬೆರಳಿಗೆ ಜಾಲಿಮುಳ್ಳು ಚುಚ್ಚಿದಾಗ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಕೇಳಿದವರೆಲ್ಲ ಕಾಲು ಹಿಡಿದು ನೋಡಿ ತಮಗೆ ತಿಳಿದದ್ದನ್ನು ಹಚ್ಚಿದರು. ಒಬ್ಬ ಸುಣ್ಣ ಬೆಲ್ಲ ಕಲಸಿ ಮೆತ್ತಿದ, ಒಬ್ಬ ತಂಬಾಕಿನ ಪುಡಿ ಉದುರಿಸಿದ, ಮತ್ತೊಬ್ಬ ಗಾಡಿಯ ಇಂಜಿನ್ ಎಣ್ಣೆ ಸುರಿದ. ನಾಲ್ಕು ತಿಂಗಳ ನಂತರ ಆ ಬೆರಳನ್ನು ವಿಜಯಪುರದ ದವಾಖಾನೆಯಲ್ಲಿ ಬಿಟ್ಟು ಮನೆಗೆ ಬರಬೇಕಾಯಿತು. ಕಿರುಬೆರಳು ಹೋದರೆ ಚಪ್ಪಲಿಯೊಳಗೆ ಯಾರಿಗೂ ಕಾಣುವುದಿಲ್ಲ. ಬಲಗೈ ಹೆಬ್ಬೆರಳು ಹಾಗಲ್ಲ. ರೊಟ್ಟಿ ಮುರಿಯಲು ಅದು ಬೇಕು, ರೇಷನ್ ಅಂಗಡಿಯ ಯಂತ್ರಕ್ಕೂ ಅದೇ ಬೇಕು. ರಕ್ತ ನೆಲಕ್ಕೆ ತೊಟ್ಟಿಕ್ಕುವುದನ್ನು ನೋಡಿ ಪರಪ್ಪನ ಮುಖ ಸೌತೆಕಾಯಿಯ ತಿರುಳಿನಂತೆ ಬಿಳುಚಿತು.

"ಹೋತು ಲಕ್ಕವ್ವ, ಇದೂ ಹೋತು. ಮೊದಲ ಕಾಲಿಂದು, ಈಗ ಕೈದು. ಹಿಂಗ ಒಂದೊಂದ ಹೋದ್ರ ಕಡೀಕ ನಾನರ ಎಲ್ಲಿ ಉಳಿತೇನಿ?"

"ಬಾಯಿ ಉಳಿತೈತ್ರಿ, ಚಿಂತಿ ಮಾಡಬ್ಯಾಡ್ರಿ" ಎಂದು ಲಕ್ಕವ್ವ ಅವನ ರಟ್ಟೆ ಹಿಡಿದು ಪಕ್ಕದ ಓಣಿಯ ಪೀರಬಿ ಆಯಿಯ ಮನೆಗೆ ಎಳೆದುಕೊಂಡು ಹೋದಳು.

ಪೀರಬಿ ಆಯಿಗೆ ಎಂಬತ್ತು ದಾಟಿತ್ತು. ಕುಡಗೋಲು ತಾಗಿದವರು, ಕಬ್ಬಿನ ಗರಿಯಿಂದ ಕೈ ಕೊಯ್ದುಕೊಂಡವರು, ಬಿದ್ದು ಮೊಣಕಾಲು ತರಚಿಕೊಂಡವರು ಆ ಓಣಿಯಲ್ಲಿ ಮೊದಲು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಹೆಚ್ಚು ಮಾತನ್ನೂ ಆಡುತ್ತಿರಲಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಪರಪ್ಪನ ಬೆರಳು ತೊಳೆದು, ಮನೆಯ ಹೊರಗೋಡೆಯ ಬುಡಕ್ಕೆ ಹೋಗಿ ಒಂದು ಹಿಡಿ ಎಲೆ ಹರಿದು ತಂದಳು.

ಪರಪ್ಪ ಕಣ್ಣರಳಿಸಿದ. ಅದು ಅವನು ದಿನಕ್ಕೆ ನಾಲ್ಕು ಸಲ ತುಳಿದು ದಾಟುವ ಕಸ. ಚರಂಡಿಯ ಕಲ್ಲಿನ ಸಂದಿಯಲ್ಲಿ, ಗೋಡೆಯ ಗುಂಟ, ನೆಲಕ್ಕೆ ಹೊಟ್ಟೆ ಹಚ್ಚಿ ಹಬ್ಬುವ ಗಿಡ. ಒರಟು ರೋಮದ ಎಲೆ, ಗೇಣುದ್ದದ ಬರಿಯ ದಂಟು, ಅದರ ತುದಿಗೆ ಅಂಗಿಯ ಗುಂಡಿಯಷ್ಟು ಹೂವು, ನಡುವೆ ಹಳದಿ, ಸುತ್ತ ಬಿಳಿ. ಆಡು ತಿಂದರೂ, ಮಂದಿ ತುಳಿದರೂ, ಸಲಿಕೆಯಿಂದ ಕೆತ್ತಿ ಒಗೆದರೂ ಎಂಟು ದಿನಕ್ಕೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೂವು ತೋರಿಸುತ್ತಿತ್ತು. ಅದಕ್ಕೊಂದು ಹೆಸರಿದೆ ಎಂದು ಪರಪ್ಪನಿಗೆ ಯಾವತ್ತೂ ಅನಿಸಿರಲಿಲ್ಲ.

ಆಯಿ ಎಲೆಗಳನ್ನು ತೊಳೆದು ಅಂಗೈಯಲ್ಲಿ ಹೊಸಕಿ ಹಿಂಡಿದಳು. ಹಸಿರು ರಸ ನಾಲ್ಕು ಹನಿ ಗಾಯದ ಮೇಲೆ ಬಿತ್ತು. ಚುರ್ ಎಂದಿತು. ನೋಡುತ್ತ ನೋಡುತ್ತ ರಕ್ತ ನಿಂತಿತು. ಇಷ್ಟು ಹೊತ್ತು ಲಕ್ಕವ್ವ ಸುತ್ತಿದ ಅರಿವೆಗೂ ಜಗ್ಗದೆ, ಒತ್ತಿದ ಅರಿಶಿನಕ್ಕೂ ಜಗ್ಗದೆ ಸುರಿದ ರಕ್ತ ನಾಲ್ಕು ಹನಿ ರಸಕ್ಕೆ ಮರ್ಯಾದೆಯಿಂದ ನಿಂತದ್ದು ಕಂಡು ಪರಪ್ಪನಿಗೆ ಕೈ ಮುಗಿಯಬೇಕೆನಿಸಿತು. ಆಯಿಗೋ, ಗಿಡಕ್ಕೋ ತಿಳಿಯಲಿಲ್ಲ.

"ಆಯಿ, ಇದೇನ ಗಿಡಬೇ ಇದು, ನಾ ದಿನಾ" ಎಂದು ಶುರು ಮಾಡಿದ. ಆಯಿ ಬೆರಳಿಗೆ ಬಟ್ಟೆ ಕಟ್ಟಿ, ಅವನ ಬಾಯಿಯ ಮುಂದೆ ಅಂಗೈ ಹಿಡಿದಳು.

"ಕೇಳು ಪರಪ್ಪಾ. ಇದಕ್ಕೊಂದ ಪಥ್ಯ ಐತಿ. ಹೊತ್ತು ಮುಳುಗೂತನಾ ಮಾತಾಡಬಾರದು. ನೀರು ಕುಡಿ, ರೊಟ್ಟಿ ತಿನ್ನು, ಮಾತ ಬ್ಯಾಡ. ಮಾತಾಡಿದಿ ಅಂದ್ರ ಗಿಡದ ಗುಣಾ ಹೋಗತೈತಿ. ಯಾವ ಗಿಡ ಅಂತ ಯಾರಿಗೂ ತೋರಸಬ್ಯಾಡ. ದವಾಖಾನಿಗೆ ಹೋಗಿ ಸೂಜಿ ಮಾಡಿಸ್ಕೋ, ಅಲ್ಲೂ ಮಾತಾಡಬ್ಯಾಡ. ಸಂಜಿಗೆ ಬಾ, ಇನ್ನೊಮ್ಮಿ ಹಚ್ಚೂದೈತಿ."

ಪರಪ್ಪನ ಗಂಟಲಿಗೆ ಬಂದಿದ್ದ ಹದಿನೈದು ಪ್ರಶ್ನೆಗಳು ಅಲ್ಲಿಯೇ ನಿಂತವು. ಲಕ್ಕವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ದುಃಖಕ್ಕೋ, ಬೇರೆ ಯಾತಕ್ಕೋ ಹೇಳಲು ಬರುವಂತಿರಲಿಲ್ಲ.

ಮಾತಾಡಬೇಡ ಎನ್ನುವುದು ಬೇರೆಯವರಿಗೆ ಪಥ್ಯ, ಪರಪ್ಪನಿಗೆ ಉಪವಾಸ. ಸಿಂದಗಿಯ ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ ಬೇವಿನ ಮರದ ಕೆಳಗೆ ಬಾಡಿಗೆಯ ಕ್ರೂಸರ್ ಗಾಡಿಗಳು ನಿಲ್ಲುತ್ತವೆ. ಅಲ್ಲಿ ಊರ ಹೆಸರು ಕೂಗಿ ಗಾಡಿಗೆ ಮಂದಿ ತುಂಬುವುದೇ ಅವನ ಕಸುಬು. "ಇಂಡಿ, ಇಂಡಿ, ಇಂಡಿ" ಎಂದು ಅವನು ಕೂಗಿದರೆ ಇಂಡಿಗೆ ಹೋಗುವ ಮನಸ್ಸಿಲ್ಲದವರೂ ಒಂದು ಗಳಿಗೆ ಅಲ್ಲಿ ಯಾರಾದರೂ ನೆಂಟರಿದ್ದಾರೆಯೇ ಎಂದು ಯೋಚಿಸುತ್ತಿದ್ದರು. ಆದರೆ ಹೆಬ್ಬೆರಳಿನ ಪ್ರಶ್ನೆ. ದವಾಖಾನೆಯ ಸಾಲಿನಲ್ಲಿ ಮಧ್ಯಾಹ್ನದವರೆಗೆ ಕಾದು, ಮೂಕನಾಗಿ ಸೂಜಿ ಚುಚ್ಚಿಸಿಕೊಂಡು, ಬಲಗೈಯನ್ನು ಎದೆಗೆ ಅವುಚಿಕೊಂಡು, ತುಟಿ ಬಿಗಿದು ಅವನು ಬೇವಿನ ಮರದ ಕೆಳಗೆ ಬಂದು ನಿಂತ.

"ಕಾಕಾ, ಮೊದಲ ಬಾಗೇವಾಡಿ ಗಾಡಿ ಐತ್ರಿ. ಕೂಗ್ರಿ" ಎಂದ ಡ್ರೈವರ್ ಫಿರೋಜ.

ಪರಪ್ಪ ತಲೆಯಾಡಿಸಿದ. ಕೂಗದೆ ಬಸವನ ಬಾಗೇವಾಡಿಯನ್ನು ಹೇಳುವುದು ಹೇಗೆ? ಸ್ವಲ್ಪ ಯೋಚಿಸಿ ಎಡಗೈಯ ಎರಡು ಬೆರಳನ್ನು ಹಣೆಯ ಮೇಲೆ ಕೊಂಬಿನಂತೆ ಇಟ್ಟುಕೊಂಡು, ತಲೆ ಬಗ್ಗಿಸಿ, ಕಾಲು ಕೆರೆದು, ಮಂದಿಯ ಕಡೆಗೆ ನಾಲ್ಕು ಹೆಜ್ಜೆ ಬಂದ. ಬಸವಣ್ಣನನ್ನು ತೋರಿಸಿದರೆ ಬಾಗೇವಾಡಿ ಹೊಳೆಯದಿರುವಷ್ಟು ದಡ್ಡರು ಯಾರಿದ್ದಾರೆ ಎಂಬುದು ಅವನ ಲೆಕ್ಕ.

ಮುಂದೆ ಕೂತಿದ್ದ ರೈತನೊಬ್ಬ ಥಟ್ಟನೆ ಎದ್ದ. "ಗೂಳಿ ಬಿಟ್ಟೈತೇನ್ರಿ?"

ಪರಪ್ಪ ಅಲ್ಲ ಎಂದು ಕೈಯಾಡಿಸಿದ. ಕೈಯಾಡಿಸಿದ್ದು ಓಡಿರಿ ಎಂದಂತೆ ಕಂಡಿತು. ಮರುಗಳಿಗೆಗೆ ಬೇವಿನ ಮರದ ಕೆಳಗೆ ಚಪ್ಪಲಿಗಳಷ್ಟೇ ಉಳಿದವು. ಬಾಳೆಹಣ್ಣಿನ ಬಂಡಿ ಮಗುಚಿತು. ರೈತ ಮರದ ಮೇಲಿದ್ದ. ಇಲ್ಲದ ಗೂಳಿಯನ್ನು ಹಿಡಿಯಲು ಇಬ್ಬರು ಹಗ್ಗ ತಂದರು, ಒಬ್ಬ ಅದನ್ನು ಕಣ್ಣಾರೆ ಕಂಡೆನೆಂದೂ ಬಿಳಿಯ ಬಣ್ಣದ್ದೆಂದೂ ಹೇಳಿದ.

ಗದ್ದಲ ತಣ್ಣಗಾದ ಮೇಲೆ ಎಲ್ಲರೂ ಪರಪ್ಪನ ಸುತ್ತ ನೆರೆದರು. ಚಹಾ ಅಂಗಡಿಯ ಗುರಲಿಂಗಪ್ಪ ಮುಂದೆ ಬಂದ. ಅವನು ದಿನಕ್ಕೆ ನಾಲ್ಕು ನೂರು ಕಪ್ ಚಹಾ ಮಾಡುತ್ತಿದ್ದ, ನಡುವೆ ಬಿಡುವಾದಾಗ ವೈದ್ಯಕೀಯವನ್ನೂ ಮಾಡುತ್ತಿದ್ದ.

"ಪರಪ್ಪಾ, ಮಾತಾಡೋ."

ಪರಪ್ಪ ತುಟಿ ಬಿಗಿದ.

"ಬಲಗೈ ಎತ್ತು ನೋಡೂಣು."

ಪರಪ್ಪ ಎತ್ತಲಿಲ್ಲ. ಎತ್ತಿದರೆ ಬಟ್ಟೆ ಸಡಿಲವಾದೀತು ಎಂಬ ಭಯ. ಗುರಲಿಂಗಪ್ಪ ಹಿಂದಕ್ಕೆ ತಿರುಗಿ, ತೀರ್ಪು ಕೊಡುವವನಂತೆ ದನಿ ತಗ್ಗಿಸಿದ.

"ಲಕ್ವಾ ಹೊಡದೈತಿ. ಬಲಭಾಗ ಪೂರಾ ಹೋಗೈತಿ. ನಾಲಿಗಿನೂ ಬಿದ್ದೈತಿ."

ನಾಲಿಗೆ ಬಿದ್ದಿದೆಯೇ ಎಂದು ನೋಡಲು ಜನ ಸಾಲುಗಟ್ಟಿದರು. ಪರಪ್ಪನ ಗದ್ದ ಹಿಡಿದು ಬಾಯಿ ತೆರೆಸಿದರು, ಮೊಬೈಲ್ ಬೆಳಕು ಬಿಟ್ಟು ಇಣುಕಿದರು. ಒಬ್ಬ ಬಳ್ಳೊಳ್ಳಿ ಅಗಿಯಲು ಕೊಟ್ಟ, ಒಬ್ಬ ನಾಲಿಗೆಗೆ ಜೇನುತುಪ್ಪ ಸವರಿದ. ಪರಪ್ಪ ಕಡೆಗೆ ಪೆನ್ನು ಬೇಕೆಂದು ಸನ್ನೆ ಮಾಡಿ, ಹಳೆಯ ಪತ್ರಿಕೆಯ ಅಂಚಿನಲ್ಲಿ ಎಡಗೈಯಿಂದ 'ನನಗೇನೂ ಆಗಿಲ್ಲ' ಎಂದು ಬರೆದ. ಕೋಳಿ ಕೆದರಿದಂತಿತ್ತು. ಗುರಲಿಂಗಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಣ್ಣೊರೆಸಿಕೊಂಡ.

"ಹೊಲಾ ಮಗಳಿಗೆ ಅಂತ ಬರದಾನ. ಆಸೆ ಬಿಟ್ಟಾನ ಪಾಪ."

ಫಿರೋಜ ಓಡಿಹೋಗಿ ಲಕ್ಕವ್ವನಿಗೆ ಫೋನು ಹಚ್ಚಿದ. "ಕಾಕು, ಕಾಕಾ ಮಾತ ಬಿಟ್ಟಾರ್ರಿ. ಒಂದ ಅಕ್ಷರ ಬರವಲ್ದು."

"ಸಂಜಿತನಾ ಹಂಗ ಇರ್ಲಿ ಬಿಡಪಾ" ಎಂದಳು ಲಕ್ಕವ್ವ. "ಮಲಗಿದ ಬಾಯಿನ್ಯಾಕ ಎಬ್ಬಸ್ತೀರಿ?" ಎಂದು ಫೋನು ಇಟ್ಟಳು. ಆಘಾತಕ್ಕೆ ಅವಳ ಬುದ್ಧಿಯೂ ಕೆಟ್ಟಿತೆಂದು ಎಲ್ಲರೂ ಲೊಚಗುಟ್ಟಿದರು.

ಇಂಡಿಯ ಆಚೆಯ ಹಳ್ಳಿಯೊಂದರಲ್ಲಿ ಲಕ್ವಾಕ್ಕೆ ಔಷಧ ಕೊಡುವವರಿದ್ದಾರೆ, ಹೊತ್ತು ಮುಳುಗುವುದರೊಳಗೆ ಮುಟ್ಟಿದರೆ ಗುಣವಾಗುತ್ತದೆ ಎಂದು ಗುರಲಿಂಗಪ್ಪ ಸಾರಿದ. ನಾಲ್ವರು ಪರಪ್ಪನನ್ನು ಜೋಳದ ಚೀಲದಂತೆ ಎತ್ತಿ ಫಿರೋಜನ ಕ್ರೂಸರ್‌ಗೆ ಹಾಕಿದರು. ಹೇಗೂ ಇಂಡಿಯ ದಾರಿ, ಇಂಡಿಯ ಮಂದಿಯೂ ಒಂಬತ್ತು ಜನ ಹತ್ತಿದರು. ಕೂಗದೆಯೇ ಗಾಡಿ ತುಂಬಿದ್ದು ಪರಪ್ಪನ ಆಯುಷ್ಯದಲ್ಲಿ ಅದೇ ಮೊದಲು. ಅದಕ್ಕೂ ಅವನಿಗೆ ಬೇಸರವಾಯಿತು.

ದಾರಿಯಲ್ಲಿ ಒಬ್ಬೊಬ್ಬರೂ ತಮ್ಮ ಬಳಗದಲ್ಲಿ ಲಕ್ವಾ ಹೊಡೆದು ಸತ್ತವರ ಕತೆ ಹೇಳಿದರು. ಪರಪ್ಪ ಕಿಟಕಿಯಿಂದ ಸೂರ್ಯನನ್ನೇ ನೋಡುತ್ತಿದ್ದ. ಮೂರು ಮಾರು ಇಳಿಯಬೇಕು. ಇಷ್ಟು ಹೊತ್ತು ತಡೆದದ್ದಾಗಿದೆ, ಇನ್ನೊಂದು ತಾಸು. ಬೆರಳಿನಲ್ಲಿ ನೋವಿಲ್ಲ, ಬಾವು ಇಲ್ಲ, ತಂಪಾಗಿದೆ. ಆ ಕಸದಂಥ ಗಿಡ ಒಳಗೆ ಕೂತು ತನ್ನ ಕೆಲಸ ಮಾಡುತ್ತಿರಬೇಕು. ಅದು ತನ್ನ ಮಾತು ನಡೆಸುವಾಗ ತಾನು ತನ್ನ ಮಾತು ತಪ್ಪಬಾರದು ಎಂದು ಅವನು ಹಲ್ಲು ಕಚ್ಚಿದ.

ಫಿರೋಜನಿಗೆ ದುಃಖ ತಡೆಯಲಾಗಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಹಿಂದಕ್ಕೆ ತಿರುಗಿದ. "ಕಾಕಾ, ನೀವು ಕೂಗದಿದ್ರ ನನ್ನ ಗಾಡಿ ಹೆಂಗ ತುಂಬತೈತ್ರಿ. ನನ್ನ ಮದುವಿಗೂ ಮಂದಿ ಕೂಗಿ ಕರದವರು ನೀವ" ಎನ್ನುತ್ತ ಕಣ್ಣೀರು ತೆಗೆದ. ಅವನು ಹಿಂದೆ ನೋಡುತ್ತಿದ್ದ, ಪರಪ್ಪ ಮುಂದೆ ನೋಡುತ್ತಿದ್ದ. ತಿರುವಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಕೆಟ್ಟು ನಡುರಸ್ತೆಯಲ್ಲಿ ನಿಂತಿತ್ತು.

ಒಂದು ಕಡೆ ಹೆಬ್ಬೆರಳು, ಒಂದು ಕಡೆ ಹನ್ನೊಂದು ಜೀವ. ಪರಪ್ಪ ಯೋಚಿಸಲಿಲ್ಲ.

"ಏ ಫಿರೋಜಾ, ಬ್ರೇಕ್ ಹೊಡೀಯೋ!"

ಬೆಳಗಿನಿಂದ ಕೂಡಿಟ್ಟ ದನಿ ಒಮ್ಮೆಲೇ ಹೊರಬಿದ್ದಿತ್ತು. ಫಿರೋಜನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಗಾಡಿ ಕಿರುಗುಟ್ಟಿ, ಒಂದು ಕಬ್ಬಿನ ತುದಿ ಮುಂದಿನ ಗಾಜಿಗೆ ತಾಗುವಷ್ಟು ಹತ್ತಿರಕ್ಕೆ ಹೋಗಿ ನಿಂತಿತು. ಆಮೇಲೆ ಎಲ್ಲರೂ ಪರಪ್ಪನನ್ನು ಅಪ್ಪಿಕೊಂಡರು. ಬಾಯಿ ಬಂತು, ಬಾಯಿ ಬಂತು ಎಂದು ಕುಣಿದರು. ಪರಪ್ಪ ಮಾತ್ರ ಸೂರ್ಯನನ್ನು ನೋಡಿದ, ಬಟ್ಟೆ ಕಟ್ಟಿದ ಹೆಬ್ಬೆರಳನ್ನು ನೋಡಿದ, ಮಕ್ಕಳ ಹಾಗೆ ಅತ್ತುಬಿಟ್ಟ.

ಇಂಡಿಯ ಮಂದಿಯನ್ನು ಹಿಂದೆ ಬಂದ ಗಾಡಿಗೆ ಹತ್ತಿಸಿ ಫಿರೋಜ ಕ್ರೂಸರ್ ತಿರುಗಿಸಿದ. ಸಿಂದಗಿ ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗುವುದರಲ್ಲಿದ್ದ. ಪರಪ್ಪ ಪೀರಬಿ ಆಯಿಯ ಮುಂದೆ ಕೂತು ಕೈ ಚಾಚಿದ.

"ಆಯಿ, ಪಥ್ಯ ಮುರದೇನಿ. ಮಾತಾಡೇನಿ. ಬೆರಳ ಹೋಗೂದ ಖರೆ, ಎಷ್ಟ ಹೋಗತೈತಿ ಅಷ್ಟ ಹೇಳಿಬಿಡು."

ಆಯಿಯ ಮೊಮ್ಮಗಳು ಜಾಸ್ಮಿನ ಬಟ್ಟೆ ಬಿಚ್ಚಿದಳು. ಕಲಬುರಗಿಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಎಂ.ಎಸ್ಸಿ. ಓದುವ ಹುಡುಗಿ, ರಜೆಗೆ ಬಂದಿದ್ದಳು. ಪರಪ್ಪ ಕಣ್ಣು ಮುಚ್ಚಿಕೊಂಡ. ತಡೆಯಲಾರದೆ ಒಂದು ಕಣ್ಣು ತೆರೆದ. ಗಾಯದ ಎರಡೂ ಅಂಚು ಒಂದಕ್ಕೊಂದು ಕೂಡಿಕೊಂಡು ಕೂತಿದ್ದವು. ಕೆಂಪಿಲ್ಲ, ಬಾವಿಲ್ಲ, ಎಲೆಯ ಹಸಿರು ಕಲೆ ಮಾತ್ರ ಇತ್ತು.

"ಮಾತಾಡಿದ್ರೂ ಗುಣಾ ಹೋಗಿಲ್ಲಲ್ಲಬೇ?"

ಜಾಸ್ಮಿನ ನಕ್ಕಳು. "ಎಲ್ಲಿ ಹೋಗತೈತ್ರಿ ಕಾಕಾ? ನಮ್ಮ ಲ್ಯಾಬಿನ್ಯಾಗ ಗಾಜಿನ ತಾಟಿನೊಳಗ ಕೀವು ಹಿಡಸೂ ಕ್ರಿಮಿ ಬೆಳಸಿದ್ವಿ. ನಡುವ ಈ ಎಲಿದ ರಸ ಇಟ್ವಿ. ಮರುದಿನ ನೋಡ್ತೇವಿ, ರಸದ ಸುತ್ತ ಬಳಿ ಇಟ್ಟಂಗ ಜಾಗಾ ಖಾಲಿ. ತಾಟ ತುಂಬಾ ಕ್ರಿಮಿ, ಆ ಬಳಿಯೊಳಗ ಒಂದೂ ಕಾಲಿಟ್ಟಿಲ್ಲ. ನಾವು ಅದರ ಮುಂದ ಇಡೀ ದಿನ ಹರಟಿ ಹೊಡದಿದ್ವಿ, ಅದಕ್ಕೇನೂ ಆಗಲಿಲ್ಲ. ಎಲ್ಲಾ ಕ್ರಿಮಿಗೂ ನಡೆಯೂದಿಲ್ಲ, ದವಾಖಾನಿ ಬಿಡಬ್ಯಾಡ್ರಿ. ಆದ್ರ ಸಣ್ಣ ಗಾಯಕ್ಕ ಇದು ಭಾಳ ಛಲೋ."

ಪರಪ್ಪ ಆಯಿಯ ಕಡೆ ತಿರುಗಿದ. ಇಡೀ ದಿನ ನುಂಗಿದ್ದೆಲ್ಲ ಅವನ ಮುಖದ ಮೇಲೆ ಬಂದಿತ್ತು. "ಹಂಗಾದ್ರ ನನ್ನ ಬಾಯಿ ಯಾಕ ಕಟ್ಟಿದಿ?"

"ಗಿಡಕ್ಕ ಮೌನ ಬೇಕಾಗಿಲ್ಲೋ, ಗಾಯಕ್ಕ ಬೇಕು" ಎಂದಳು ಆಯಿ. "ಹ್ವಾದ ವರ್ಷ ಬೆರಳ ಕಳಕೊಂಡಿ. ಮುಳ್ಳಿನಿಂದ ಹೋತೇನು? ಊರಿಗೆಲ್ಲಾ ಹೇಳಿದಿ, ಹೇಳಿಸ್ಕೊಂಡವರೆಲ್ಲಾ ಹಚ್ಚಿದ್ರು. ಇವತ್ತ ಬಾಯಿ ಮುಚ್ಚಿದಿ. ನಿನ್ನ ಬೆರಳ ಯಾರರ ಮುಟ್ಟಿದ್ರೇನು?"

ಪರಪ್ಪ ನೆನೆದುಕೊಂಡ. ಇಡೀ ಸಿಂದಗಿ ಅವನ ನಾಲಿಗೆ ನೋಡಿತ್ತು, ಬಳ್ಳೊಳ್ಳಿ ತಿನ್ನಿಸಿತ್ತು, ಜೇನು ಸವರಿತ್ತು. ಹೆಬ್ಬೆರಳನ್ನು ಒಬ್ಬನೂ ಮುಟ್ಟಿರಲಿಲ್ಲ. ಎಂಬತ್ತು ದಾಟಿದ ಆ ಮುದುಕಿಯ ಬುದ್ಧಿಗೆ ಅವನು ಮನಸಾರೆ ತಲೆಬಾಗಿದ.

ಮಸೀದಿಯಲ್ಲಿ ಆಜಾನ್ ಕೇಳಿಸಿತು. "ನಾ ನಮಾಜ್ ಮುಗಿಸಿ ಬರ್ತೇನಿ" ಎಂದು ಆಯಿ ಎದ್ದಳು. "ಅಷ್ಟರಾಗ ನಾಕ ಎಲಿ ಹರಕೊಂಡು ಬಾ. ಏಳು ದಿನ ಹಚ್ಚಬೇಕು. ಸುಮ್ಮನ ಹರಕೊಂಡು ಬಾ."

ಪರಪ್ಪ ಹೊರಗೆ ಬಂದ. ಓಣಿಯ ತುಂಬ ಜನ. ಬಾಯಿ ಬಂದ ಪರಪ್ಪನನ್ನು ನೋಡಲು ಗುರಲಿಂಗಪ್ಪ ಅರ್ಧ ಸಿಂದಗಿಯನ್ನು ಕರೆತಂದಿದ್ದ. "ಹೆಂಗ ಆರಾಮಾತೋ ಪರಪ್ಪಾ?" ಎಂದು ಕೇಳಿದ.

ಅಷ್ಟೇ ಸಾಕಾಯಿತು. ಬೆಳಗಿನಿಂದ ಕಟ್ಟೆ ಕಟ್ಟಿ ನಿಲ್ಲಿಸಿದ್ದ ಮಾತು ಒಡೆದು ಹರಿಯಿತು. ಪರಪ್ಪ ಗೋಡೆಯ ಬುಡಕ್ಕೆ ಬೆರಳು ತೋರಿಸಿದ. ಈಳಿಗೆಯಿಂದ ಹಿಡಿದು ಕಬ್ಬಿನ ಟ್ರ್ಯಾಕ್ಟರಿನವರೆಗೆ ಬಣ್ಣಿಸಿದ. ರಕ್ತ ನಿಂತ ಬಗೆಯನ್ನು ಮೂರು ಸಲ ಹೇಳಿದ. ಗಾಜಿನ ತಾಟು, ಬಳೆಯಂಥ ಖಾಲಿ ಜಾಗ, ಕ್ರಿಮಿಗಳು ದಿಕ್ಕಾಪಾಲಾಗಿ ಓಡಿದ್ದು. ಗಿಡದ ಮೇಲಿನ ಅಭಿಮಾನ ಏರಿದಂತೆ ಮಾತೂ ಏರಿತು. "ಗಾಯಕ್ಕಷ್ಟ ಅಲ್ರೀ, ಮೊಣಕಾಲ ನೋವಿಗೂ ನಡೀತಿರಬೇಕು. ಕೂದಲ ಉದರೂದಕ್ಕೂ ನಡೀತಿರಬೇಕು. ಸಕ್ಕರಿ ಕಾಯಿಲಿಗಂತೂ ಕೇಳೂದ ಬ್ಯಾಡ" ಎಂದು ಕೈಯೆತ್ತಿ ಕಣ್ಣು ಮುಚ್ಚಿ ಕೂಗಿದ.

ಕಣ್ಣು ತೆರೆದು ನಾಲ್ಕು ಎಲೆ ಹರಿಯಲು ಬಗ್ಗಿದ. ಗೋಡೆಯ ಬುಡ ಹೊಸದಾಗಿ ಸಾರಿಸಿದ ಅಂಗಳದಷ್ಟು ಚೊಕ್ಕವಾಗಿತ್ತು. ಚರಂಡಿಯ ಕಲ್ಲುಗಳ ನಡುವೆ ಹೂವಿಲ್ಲ, ಎಲೆಯಿಲ್ಲ, ಬೇರಿನ ಎಳೆಯೂ ಇಲ್ಲ. ಗುರಲಿಂಗಪ್ಪನ ಟವೆಲ್ಲಿನಲ್ಲಿ ಮೊಣಕಾಲಿಗೆಂದು ಒಂದು ಹೊರೆ, ಫಿರೋಜನ ಜೇಬಿನಲ್ಲಿ ಕೂದಲಿಗೆಂದು ಎರಡು ಹಿಡಿ, ಉಳಿದದ್ದು ಆಗಲೇ ಓಣಿ ದಾಟಿ ಹೋಗಿತ್ತು. ಆಡಿಗೆ, ಕಾಲಿಗೆ, ಸಲಿಕೆಗೆ ಜಗ್ಗದ ಗಿಡ ಪರಪ್ಪನ ಹೊಗಳಿಕೆಗೆ ಹೋಗಿತ್ತು.

ಪರಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಮಾತು ಹೊರಡಲಿಲ್ಲ.

"ಏ, ಮತ್ತ ಹೋತೋ ಬಾಯಿ" ಎಂದ ಗುರಲಿಂಗಪ್ಪ. "ಇದು ಎರಡನೇ ಹೊಡೆತ. ಫಿರೋಜಾ, ಗಾಡಿ ತಗಿ. ಈ ಸಲ ಇಂಡಿ ದಾಟೂತನಾ ನಿಲ್ಲಸಬ್ಯಾಡ."

ನಾಲ್ವರು ಬಂದು ಹೆಗಲ ಕೆಳಗೆ ಕೈ ಹಾಕಿದರು. ಏನೂ ಆಗಿಲ್ಲ ಬಿಡ್ರೋ ಎನ್ನಲು ಪರಪ್ಪ ಉಸಿರೆಳೆದ. ಆಗಲೇ ಅದು ಕಣ್ಣಿಗೆ ಬಿತ್ತು. ಆಯಿಯ ಬಾಗಿಲ ಮೆಟ್ಟಿಲಿನ ಬಿರುಕಿನಲ್ಲಿ ಒಂದೇ ಒಂದು ಗಿಡ. ಏಳೆಂಟು ಎಲೆ, ಮೇಲೊಂದು ಹೂವು, ಸಂಜೆಯ ಗಾಳಿಗೆ ತಲೆಯಾಡಿಸುತ್ತಿತ್ತು. ಬಾಯಿ ಬಿಟ್ಟರೆ ಅದು 'ಏನೂ ಆಗಿಲ್ಲ' ಎಂಬಲ್ಲಿಗೆ ನಿಲ್ಲುವುದಿಲ್ಲ, ಮೆಟ್ಟಿಲಿನವರೆಗೆ ಹೋಗಿಯೇ ತೀರುತ್ತದೆ ಎಂಬುದು ಪರಪ್ಪನಿಗೆ ಐವತ್ತಾರು ವರ್ಷದ ಅನುಭವ.

ನಮಾಜ್ ಮುಗಿಸಿ ಬಾಗಿಲಿಗೆ ಬಂದ ಪೀರಬಿ ಆಯಿ ಚೊಕ್ಕವಾದ ಗೋಡೆಯನ್ನು ನೋಡಿದಳು, ಜನರ ಕೈಯಲ್ಲಿ ತೂಗುತ್ತಿದ್ದ ಪರಪ್ಪನನ್ನು ನೋಡಿದಳು. ಮೂಲೆಯಲ್ಲಿದ್ದ ಬುಟ್ಟಿಯನ್ನು ತಂದು ಮೆಟ್ಟಿಲಿನ ಆ ಗಿಡದ ಮೇಲೆ ಬೋರಲು ಹಾಕಿದಳು. ಪರಪ್ಪ ಅವಳಿಗೆ ತಲೆಯಾಡಿಸಿ, ತುಟಿ ಬಿಗಿದುಕೊಂಡು, ಹಿಡಿದವರ ಕೈ ಬಿಡಿಸಿಕೊಂಡು, ಯಾರ ಬಲವಂತವೂ ಇಲ್ಲದೆ ಇಂಡಿಯ ಗಾಡಿ ಹತ್ತಿ ಕೂತ.